ಹಳೇ ಮಿಲಿಟರಿ ಪಿಸ್ತೂಲಿನ ಬಗ್ಗೆ ಪುಸ್ತಕ ಕೊಳ್ಳುವುದಾದರೆ ಯಾವುದು ಕೊಳ್ಳಬೇಕು?

ಸಕಲೇಶಪುರ, ಮೂಡಿಗೆರೆ, ಬಾಳೆಹೊನ್ನೂರು ಕಡೆಯ ತೋಟದ ಮನೆಗಳಲ್ಲಿ ಕೋವಿ ಇರುವುದು ದೊಡ್ಡ ಸುದ್ದಿಯಲ್ಲ. ಕೆಲವು ಮನೆಗಳಲ್ಲಿ ಕೋವಿಯ ಜೊತೆ ಒಂದು ಹಳೇ ರಿವಾಲ್ವರ್ ಕೂಡ ಇರುತ್ತದೆ. ತೋಟ ಮಾರಿ ಹೊರಟ ಬ್ರಿಟಿಷ್ ದೊರೆ ಕೊಟ್ಟು ಹೋದದ್ದು, ಇಲ್ಲವೇ ಮಿಲಿಟರಿಯಲ್ಲಿದ್ದ ಅಜ್ಜ ಲೈಸೆನ್ಸ್ ಮಾಡಿಸಿ ಇಟ್ಟುಕೊಂಡದ್ದು. ಅದು ಮೊಮ್ಮಗನ ಹೆಸರಿಗೆ ಬಂದ ಮೇಲೆ ಕುತೂಹಲ ಶುರುವಾಗುತ್ತದೆ. ಇದು ಯಾವ ಕಾಲದ್ದು? ಮೈಮೇಲೆ ಒತ್ತಿರುವ ಬಾಣ, ಕಿರೀಟ, ಅಂಕಿ ಇವೆಲ್ಲ ಏನು? ಹುಡುಕಿದರೆ ಹತ್ತಾರು ಪುಸ್ತಕಗಳ ಹೆಸರು ಬರುತ್ತವೆ, ಒಂದಕ್ಕಿಂತ ಒಂದು ದುಬಾರಿ, ಎಲ್ಲವೂ ಇಂಗ್ಲಿಷಿನವು. ಅದರಲ್ಲಿ ಯಾವುದು ಕೊಳ್ಳಲಿ ಎಂದು ಕೇಳುವವರು ಈಚೆಗೆ ಜಾಸ್ತಿಯಾಗಿದ್ದಾರೆ. ಕೈಯಲ್ಲಿ ಪಿಸ್ತೂಲು ಇಲ್ಲದೆ ಬರೀ ಚರಿತ್ರೆಯ ಹುಚ್ಚಿಗೆ ಕೇಳುವವರೂ ಇದ್ದಾರೆ. ಅದು ಇನ್ನೂ ಒಳ್ಳೇ ಹುಚ್ಚು, ಲೈಸೆನ್ಸ್ ಬೇಕಿಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಪುಸ್ತಕಗಳಲ್ಲಿ ಹೆಚ್ಚಿನವು ಅಮೆರಿಕದ ಕೊಳ್ಳುವವರನ್ನು ಮನಸ್ಸಲ್ಲಿಟ್ಟು ಬರೆದವು. ಅಲ್ಲಿ ಒಬ್ಬನ ಮನೆಯಲ್ಲಿ ಐವತ್ತು ಪಿಸ್ತೂಲು ಇರಬಹುದು. ನಮ್ಮಲ್ಲಿ ಶಸ್ತ್ರ ಕಾನೂನಿಗೆ 2019ರ ತಿದ್ದುಪಡಿ ಆದ ಮೇಲೆ ಒಬ್ಬರ ಹೆಸರಲ್ಲಿ ಎರಡಕ್ಕಿಂತ ಹೆಚ್ಚು ಬಂದೂಕು ಇರುವಂತಿಲ್ಲ. ಮೊದಲು ಮೂರಿತ್ತು. ವಂಶಪಾರಂಪರ್ಯವಾಗಿ ಬಂದದ್ದೂ ಈ ಎರಡರ ಲೆಕ್ಕದೊಳಗೇ ಬರಬೇಕು. ಪಕ್ಕದ ಕೊಡಗಿನ ಲೈಸೆನ್ಸ್ ವಿನಾಯಿತಿ ಅವರದ್ದು, ಹಾಸನ–ಚಿಕ್ಕಮಗಳೂರಿಗೆ ಅದು ಅನ್ವಯಿಸುವುದಿಲ್ಲ. ಹಾಗಾಗಿ ನಮಗೆ ಬೇಕಾದದ್ದು "ಇದಕ್ಕೆ ಎಷ್ಟು ಬೆಲೆ" ಎನ್ನುವ ಪುಸ್ತಕ ಅಲ್ಲ, "ಇದು ಏನು" ಎಂದು ಬಿಡಿಸಿ ಹೇಳುವ ಪುಸ್ತಕ. ಇದೊಂದು ತಲೆಯಲ್ಲಿದ್ದರೆ ಅರ್ಧ ಪಟ್ಟಿ ತಾನಾಗಿಯೇ ಕಳಚಿ ಬೀಳುತ್ತದೆ.

ಮೊದಲು ಅಳತೆಗೋಲು

ಪುಸ್ತಕ ನೋಡುವ ಮೊದಲು ನಿಮ್ಮ ಪ್ರಶ್ನೆ ಏನು ಎಂದು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಮಾಡೆಲ್ ಗೊತ್ತಾಗಬೇಕಾ, ವರ್ಷ ಬೇಕಾ, ಯಾವ ಪಲ್ಟನ್ನಿನ ಕೈಯಲ್ಲಿತ್ತು ಅಂತ ಬೇಕಾ, ಅಸಲಿಯೋ ನಕಲಿಯೋ ಎಂದು ಬೇಕಾ? ಒಂದೊಂದಕ್ಕೂ ಬೇರೆ ಪುಸ್ತಕ.

ಎರಡನೆಯದು ಗುರುತುಗಳ ಚಿತ್ರ. ಪಿಸ್ತೂಲಿನ ಜಾತಕ ಅದರ ಮೈಮೇಲಿನ ಮುದ್ರೆಗಳಲ್ಲೇ ಇರುತ್ತದೆ. ಮುದ್ರೆಯ ಹತ್ತಿರದ ಫೋಟೋ ಅಥವಾ ಗೆರೆಚಿತ್ರ ಇಲ್ಲದ ಪುಸ್ತಕ ಎಷ್ಟೇ ದಪ್ಪ ಇದ್ದರೂ ಓದಲು ಚೆಂದ, ಗುರುತಿಸಲು ಅಷ್ಟಕ್ಕಷ್ಟೇ. ಮೂರನೆಯದು ಬ್ರಿಟಿಷ್ ಸೇನೆಯ ಆಯುಧಗಳಿಗೆ ಎಷ್ಟು ಪುಟ ಕೊಟ್ಟಿದ್ದಾರೆ ಅನ್ನುವುದು. ನಮ್ಮ ಕಡೆ ಸಿಗುವುದು ವೆಬ್ಲಿ, ಎನ್‌ಫೀಲ್ಡ್ ಎಂಬ ಬ್ರಿಟಿಷ್ ರಿವಾಲ್ವರ್‌ಗಳು. ಪುಸ್ತಕದ ತುಂಬಾ ಅಮೆರಿಕದ ಕೋಲ್ಟ್ ಇದ್ದರೆ ಏನು ಪ್ರಯೋಜನ? ನಾಲ್ಕನೆಯದು ಬೆಲೆ, ಅದರ ಜೊತೆ ಸಾಗಣೆ ಖರ್ಚು. ವಿದೇಶದಿಂದ ತರಿಸಿದ ಅಚ್ಚಾದ ಪುಸ್ತಕಕ್ಕೆ 2019ರ ಬಜೆಟ್‌ನಿಂದ 5% ಕಸ್ಟಮ್ಸ್ ಸುಂಕ ಇದೆ. ಸುಂಕಕ್ಕಿಂತ ಅಂಚೆ ವೆಚ್ಚವೇ ಹೆಚ್ಚು ಚುಚ್ಚುತ್ತದೆ, ಯಾಕೆಂದರೆ ಇವೆಲ್ಲ ಇಟ್ಟಿಗೆ ತೂಕದ ಪುಸ್ತಕಗಳು.

ಇನ್ನೊಂದು ಅಳತೆ ನಮ್ಮ ಮಲೆನಾಡಿಗೆ ಮಾತ್ರ: ಮಳೆಗಾಲದಲ್ಲಿ ಉಳಿಯುತ್ತದಾ? ಹೊಳಪು ಕಾಗದದ ಫೋಟೋ ಪುಸ್ತಕ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಲ್ಫಿನಲ್ಲಿ ಸುಮ್ನೆ ನಿಂತರೆ ಹಾಳೆಗಳು ಒಂದಕ್ಕೊಂದು ಅಂಟುತ್ತವೆ, ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಗೋಂದಿನ ಬೈಂಡಿಂಗ್ ಬಿಟ್ಟುಕೊಳ್ಳುತ್ತದೆ. ಇದರ ಉಪಾಯ ಕೊನೆಗೆ ಹೇಳುತ್ತೇನೆ.

ಎಲ್ಲವನ್ನೂ ಒಂದೇ ಕಡೆ ಹೇಳುವ ದಪ್ಪ ಪುಸ್ತಕ

ಮೊದಲ ಗುಂಪು ವಿಶ್ವಕೋಶದಂಥವು. ಇಯಾನ್ ಹಾಗ್ ಮತ್ತು ಜಾನ್ ವೀಕ್ಸ್ ಬರೆದ 'ಮಿಲಿಟರಿ ಸ್ಮಾಲ್ ಆರ್ಮ್ಸ್ ಆಫ್ ದ ಟ್ವೆಂಟಿಯತ್ ಸೆಂಚುರಿ' ಇದರಲ್ಲಿ ಹೆಸರುವಾಸಿ, ಏಳನೇ ಆವೃತ್ತಿ 2000ದಲ್ಲಿ ಬಂತು. ಡಬ್ಲ್ಯು. ಎಚ್. ಬಿ. ಸ್ಮಿತ್ ಶುರು ಮಾಡಿದ 'ಸ್ಮಾಲ್ ಆರ್ಮ್ಸ್ ಆಫ್ ದ ವರ್ಲ್ಡ್' ಇನ್ನೊಂದು, ಅದರ ಹನ್ನೆರಡನೇ ಆವೃತ್ತಿಯನ್ನು ಎಡ್ವರ್ಡ್ ಎಜೆಲ್ 1983ರಲ್ಲಿ ತಂದರು. ಈ ಎರಡರಲ್ಲೂ ಪಿಸ್ತೂಲಿನ ಜೊತೆ ರೈಫಲ್, ಮಷೀನ್‌ಗನ್ ಎಲ್ಲವೂ ಇವೆ. ಬರೀ ಪಿಸ್ತೂಲು ಬೇಕು ಎನ್ನುವವರಿಗೆ ಹಾಗ್ ಅವರದ್ದೇ 'ಪಿಸ್ಟಲ್ಸ್ ಆಫ್ ದ ವರ್ಲ್ಡ್' ಇದೆ. ಅದರ ನಾಲ್ಕನೇ ಆವೃತ್ತಿ 2004ರದು, ಜಾನ್ ವಾಲ್ಟರ್ ಜೊತೆ ಸೇರಿ ಮಾಡಿದ್ದು.

ಇವುಗಳ ಲಾಭ ಹರವು. ಟ್ರಂಕಿನಿಂದ ಏನೇ ಹೊರಬಂದರೂ ಹೆಸರು ಸಿಗುತ್ತದೆ. ಏಳು ಗುಂಡಿನ ವಿಚಿತ್ರ ರಿವಾಲ್ವರ್, ಕುದುರೆ (ಹ್ಯಾಮರ್) ಎಳೆದಾಗ ಸಿಲಿಂಡರ್ ಮುಂದಕ್ಕೆ ಸರಿದು ಬ್ಯಾರೆಲ್ಲಿಗೆ ಕಚ್ಚಿಕೊಳ್ಳುತ್ತದೆ ಎಂದರೆ ರಷ್ಯಾದ 1895ರ ನಗಾಂತ್ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಯಾವ ತೋಟಾ, ಎಷ್ಟು ಉದ್ದದ ನಳಿಗೆ, ಯಾವ ದೇಶ ಯಾವ ವರ್ಷ ಸೇನೆಗೆ ಸೇರಿಸಿತು, ಇಷ್ಟಕ್ಕೆ ಇವು ಸಾಕು.

ಕೊರತೆ ಆಳದ್ದು. ಲ್ಯೂಗರ್ ಎಂಬ ಜರ್ಮನ್ ಪಿಸ್ತೂಲಿನ ಉದಾಹರಣೆ ತೆಗೆದುಕೊಳ್ಳಿ. ಜರ್ಮನ್ ನೌಕಾಪಡೆ 1904ರಲ್ಲಿ, ಸೈನ್ಯ 1908ರಲ್ಲಿ ಇದನ್ನು ತೆಗೆದುಕೊಂಡಿತು ಎಂದು ದಪ್ಪ ಪುಸ್ತಕ ಹೇಳುತ್ತದೆ. ಆದರೆ ನಿಮ್ಮ ಕಣ್ಣೆದುರಿನ ಪಿಸ್ತೂಲಿನ ಮೇಲೆ ವರ್ಷವೇ ಇಲ್ಲ, ಮೇಲ್ಗಡೆ 'ಕೆ' ಅಥವಾ 'ಜಿ' ಎಂಬ ಒಂಟಿ ಅಕ್ಷರ, ಜೊತೆಗೆ 'ಎಸ್/42' ಇದೆ ಎನ್ನಿ. ಮೌಸರ್ ಕಾರ್ಖಾನೆ ತನ್ನ ಹೆಸರು ಮರೆಸಲು ಹಾಕುತ್ತಿದ್ದ ಸಂಕೇತ ಆ 'ಎಸ್/42'. 'ಕೆ' ಎಂದರೆ 1934, 'ಜಿ' ಎಂದರೆ 1935. ಇಂಥ ವಿವರಕ್ಕೆ ಸಾಮಾನ್ಯ ಪುಸ್ತಕದಲ್ಲಿ ಜಾಗ ಇರುವುದಿಲ್ಲ. ಸಣ್ಣ ಬಿಡಿಭಾಗಗಳ ಮೇಲೆಲ್ಲ ಸೀರಿಯಲ್ ನಂಬರಿನ ಕೊನೆಯ ಎರಡು ಅಂಕಿ ಒತ್ತಿರುತ್ತಾರೆ, ಅವೆಲ್ಲ ಹೊಂದಿದರೆ ಒಂದು ಬೆಲೆ, ಹೊಂದದಿದ್ದರೆ ಇನ್ನೊಂದು ಬೆಲೆ, ಈ ಗುಟ್ಟೂ ಅಲ್ಲಿ ಸಿಗುವುದು ಕಷ್ಟ.

ಒಂದೇ ಪುಸ್ತಕ ಕೊಳ್ಳುತ್ತೇನೆ, ಇನ್ನೊಂದಕ್ಕೆ ದುಡ್ಡಿಲ್ಲ ಎನ್ನುವವರಿಗೆ ಈ ಗುಂಪೇ ಸರಿ. ಹೊಸ ಆವೃತ್ತಿಯೇ ಬೇಕೆಂದಿಲ್ಲ. 1915ರ ರಿವಾಲ್ವರ್ 1983ರ ಪುಸ್ತಕ ಬಂದ ಮೇಲೆ ಬದಲಾಗಿಲ್ಲವಲ್ಲ. ಬೆಂಗಳೂರಿನ ಚರ್ಚ್ ಸ್ಟ್ರೀಟ್ ಕಡೆ ಹಳೇ ಪುಸ್ತಕದ ಅಂಗಡಿಗಳಲ್ಲಿ ಮಿಲಿಟರಿ ವಿಭಾಗ ಅಂತ ಒಂದು ಮೂಲೆ ಇರುತ್ತದೆ, ಹೋದಾಗ ಕಣ್ಣಾಡಿಸಿ.

ಒಂದೇ ಆಯುಧದ ತೆಳು ಪುಸ್ತಕ

ಎರಡನೇ ಗುಂಪಿನಲ್ಲಿ ನನಗೆ ಮೆಚ್ಚುಗೆಯದ್ದು ಆಸ್ಪ್ರೆ ಪ್ರಕಾಶನದ 'ವೆಪನ್' ಮಾಲೆ. ಒಂದೊಂದೂ 80 ಪುಟ. ರಾಬರ್ಟ್ ಮೇಜ್ ಬರೆದ 'ದ ವೆಬ್ಲಿ ಸರ್ವೀಸ್ ರಿವಾಲ್ವರ್' ಈ ಮಾಲೆಯದು. ಲ್ಯೂಗರ್, ಕೋಲ್ಟ್ 1911, ಬ್ರೌನಿಂಗ್ ಹೈ-ಪವರ್ ಪಿಸ್ತೂಲುಗಳ ಬಗ್ಗೆಯೂ ಇದೇ ಮಾಲೆಯಲ್ಲಿ ಬೇರೆ ಬೇರೆ ಪುಸ್ತಕಗಳಿವೆ. ತೂಕ ಕಡಿಮೆ, ಅಂಚೆ ಖರ್ಚೂ ಕಡಿಮೆ, ಒಂದು ಭಾನುವಾರ ಮಧ್ಯಾಹ್ನಕ್ಕೆ ಓದಿ ಮುಗಿಯುತ್ತದೆ. ಇ-ಪುಸ್ತಕವಾಗಿಯೂ ಸಿಗುತ್ತವೆ, ಬೂಷ್ಟಿನ ಚಿಂತೆ ಇಲ್ಲ.

ಮನೆಯಲ್ಲಿ ವೆಬ್ಲಿ ಇದ್ದವರು ಇದರಿಂದಲೇ ಶುರು ಮಾಡಿ. 1887ರ ಮಾರ್ಕ್ 1ರಿಂದ 1915ರ ಮಾರ್ಕ್ 6ರವರೆಗೆ ಆರು ಮಾದರಿಗಳು. ಮೊದಲ ಐದರ ಹಿಡಿ ಸಾಮಾನ್ಯವಾಗಿ ಹಕ್ಕಿಯ ತಲೆಯಂತೆ ದುಂಡಗೆ ಬಾಗಿರುತ್ತದೆ, ಆರನೆಯದರ ಹಿಡಿ ಕೆಳಗೆ ಚೌಕ, ನಳಿಗೆ ಆರು ಇಂಚು. ಇಷ್ಟು ತಿಳಿದರೆ ಕತ್ತಲೆ ಬೀರುವಿನಲ್ಲಿ ಕೈಯಾಡಿಸಿಯೇ ಮಾರ್ಕ್ 6 ಎಂದು ಹೇಳಬಹುದು.

ಈ ತೆಳು ಪುಸ್ತಕಗಳು ಕಥೆ ಚೆನ್ನಾಗಿ ಹೇಳುತ್ತವೆ. ಯಾಕೆ ಬಂತು, ಕಂದಕದ ಕೆಸರಿನಲ್ಲಿ ಹೇಗೆ ನಡೆದುಕೊಂಡಿತು, ಯಾರು ಬೈದರು ಯಾರು ಹೊಗಳಿದರು, ಎಲ್ಲ ಇದೆ. ಆದರೆ ಮುದ್ರೆಗಳ ಪಟ್ಟಿ ಬೇಕು, ಸೀರಿಯಲ್ ನಂಬರಿನಿಂದ ವರ್ಷ ತೆಗೆಯಬೇಕು ಎಂದು ಕೂತರೆ ನಿರಾಸೆ. ಅದು ಅವುಗಳ ಕೆಲಸವೂ ಅಲ್ಲ.

ಆಳಕ್ಕೆ ಇಳಿದವರ ಪುಸ್ತಕ

ಮೂರನೇ ಗುಂಪು ಒಂದೇ ಕಂಪನಿಗೆ ಅಥವಾ ಒಂದೇ ಪಿಸ್ತೂಲಿಗೆ ಜೀವ ತೇಯ್ದವರು ಬರೆದದ್ದು. ವೆಬ್ಲಿಗೆ ವಿಲಿಯಂ ಡವೆಲ್ ಅವರ 'ದ ವೆಬ್ಲಿ ಸ್ಟೋರಿ', 1962ರದು. ಅದನ್ನು ಪರಿಷ್ಕರಿಸಿ ಗಾರ್ಡನ್ ಬ್ರೂಸ್ ಮತ್ತು ಕ್ರಿಸ್ಟಿಯನ್ ರೈನ್‌ಹಾರ್ಟ್ 1988ರಲ್ಲಿ 'ವೆಬ್ಲಿ ರಿವಾಲ್ವರ್ಸ್' ತಂದರು. ಜರ್ಮನ್ ಪಿಸ್ತೂಲುಗಳಿಗೂ ಅಮೆರಿಕದ ಕೋಲ್ಟಿಗೂ ಇಂಥ ಗ್ರಂಥಗಳು ಬೇಕಾದಷ್ಟಿವೆ.

ಇವು ಯಾಕೆ ಬೇಕು ಎಂದು ಒಂದೇ ವಿಷಯ ಹತ್ತಿರದಿಂದ ತೋರಿಸುತ್ತೇನೆ. ಮಾರ್ಕ್ 6 ವೆಬ್ಲಿಯ ಬಲಗಡೆ, ಸಿಲಿಂಡರಿನ ಕೆಳಗೆ ಕಂಪನಿ ಹೆಸರು, ಮಾರ್ಕ್, ಪೇಟೆಂಟ್ ಎಂಬ ಪದ, ಅದರಡಿಗೆ ವರ್ಷ ಒತ್ತಿರುತ್ತದೆ. ಮೊಬೈಲ್ ಟಾರ್ಚನ್ನು ನೇರವಾಗಿ ಹಿಡಿದರೆ ಏನೂ ಕಾಣುವುದಿಲ್ಲ. ಪಕ್ಕದಿಂದ ಓರೆಯಾಗಿ ಹಿಡಿಯಿರಿ, ಸವೆದ ಅಕ್ಷರದ ಅಂಚಿಗೆ ನೆರಳು ಬಿದ್ದು ಅಂಕಿ ಎದ್ದು ಬರುತ್ತದೆ. ಆಮೇಲೆ ಅಗಲ ತಲೆಯ ಬಾಣದ ಗುರುತು ಹುಡುಕಿ. ಅದು ಬ್ರಿಟಿಷ್ ಸರ್ಕಾರದ ಸೊತ್ತು ಎಂಬುದರ ಮುದ್ರೆ, ಬ್ರಾಡ್ ಆರೋ ಅನ್ನುತ್ತಾರೆ. ಒಂದೇ ಬಾಣ ಇದ್ದರೆ ಸೇನೆಗೆ ಸೇರಿದ್ದು. ಎರಡು ಬಾಣ ಮೂತಿಗೆ ಮೂತಿ ತಾಗಿಸಿ ನಕ್ಷತ್ರದ ಹಾಗೆ ಕಂಡರೆ ಸೇನೆಯಿಂದ ಅಧಿಕೃತವಾಗಿ ಹೊರಗೆ ಮಾರಿದ್ದು. ಬಾಣವೇ ಇಲ್ಲ, ಬರೀ ಬರ್ಮಿಂಗ್‌ಹ್ಯಾಮ್ ಅಥವಾ ಲಂಡನ್ ಪ್ರೂಫ್ ಮುದ್ರೆ (ಗುಂಡು ಹಾರಿಸಿ ಪರೀಕ್ಷಿಸಿದ್ದರ ಗುರುತು) ಇದೆ ಎಂದರೆ ಅಧಿಕಾರಿಯೊಬ್ಬ ಸ್ವಂತ ದುಡ್ಡಲ್ಲಿ ಅಂಗಡಿಯಿಂದ ಕೊಂಡದ್ದಿರಬಹುದು. ಹಿಡಿಯ ಹಿಂಭಾಗದ ಲೋಹದ ಪಟ್ಟಿಯ ಮೇಲೆ ಕೆಲವೊಮ್ಮೆ ಪಲ್ಟನ್ನಿನ ಗುರುತು, ಅದರೊಳಗಿನ ನಂಬರು ಸಿಗುತ್ತದೆ.

ನೋಡಿ, ಇಷ್ಟರಲ್ಲಿ "ದೊರೆ ಕೊಟ್ಟದ್ದು" ಎನ್ನುವ ಮನೆಯ ಕಥೆ ನಿಜವೋ, "ಅಜ್ಜ ಮಿಲಿಟರಿಯಿಂದ ತಂದದ್ದು" ಎನ್ನುವುದು ನಿಜವೋ ಎಂದು ಲೋಹವೇ ಸಾಕ್ಷಿ ಹೇಳುತ್ತದೆ. ಇದನ್ನೆಲ್ಲ ಚಿತ್ರದ ಸಮೇತ ಹೇಳುವುದು ಈ ಮೂರನೇ ಗುಂಪು ಮಾತ್ರ.

ನಕಲಿಯ ವಿಷಯದಲ್ಲೂ ಅಷ್ಟೇ. ಮೊದಲ ಮಹಾಯುದ್ಧದಲ್ಲಿ ಪ್ರಷ್ಯಾದ ಸೈನ್ಯ 9 ಎಂಎಂ ತೋಟಾ ಹಾಕುವ ಮೌಸರ್ ಸಿ96 ಪಿಸ್ತೂಲು ಮಾಡಿಸಿಕೊಂಡಿತು. ಹಳೇ 7.63 ತೋಟಾ ಹಾಕಿಬಿಟ್ಟಾರು ಎಂದು ಮರದ ಹಿಡಿಯಲ್ಲಿ ದೊಡ್ಡ ಕೆಂಪು ಒಂಬತ್ತು ಕೆತ್ತಿಸಿದರು. ಈಗ ಆ ಕೆಂಪು ಒಂಬತ್ತಿಗೆ ಸಂಗ್ರಾಹಕರಲ್ಲಿ ಬೆಲೆ ಇರುವುದರಿಂದ, ಹಿಡಿ ಬದಲಿಸಿ ಒಂಬತ್ತು ಕೆತ್ತಿ ಮಾರುವವರೂ ಇದ್ದಾರೆ. ಸೀರಿಯಲ್ ಸರಣಿ ಮತ್ತು ಮಿಲಿಟರಿ ತಪಾಸಣೆ ಮುದ್ರೆ ನೋಡದೆ ಹಿಡಿ ನೋಡಿ ನಂಬುವಂತಿಲ್ಲ. ಕೋಲ್ಟ್ 1911 ಮಾದರಿಯ ಪಿಸ್ತೂಲುಗಳಲ್ಲಿ ಸಿಂಗರ್ ಹೊಲಿಗೆ ಯಂತ್ರದ ಕಂಪನಿ ಮಾಡಿದ್ದು ಬರೀ 500. ಅದಕ್ಕೆ ಎಂಥ ನಕಲಿಗಳು ಇರಬೇಡ!

ಕೊರತೆ ಏನೆಂದರೆ ದುಡ್ಡು. ಅಚ್ಚು ನಿಂತ ಪುಸ್ತಕಗಳು, ಸಿಕ್ಕರೂ ಕೆಲವು ಸಾವಿರದಿಂದ ಮೇಲಕ್ಕೆ, ಜೊತೆಗೆ ಸಾಗಣೆ. ಒಂದೇ ರಿವಾಲ್ವರ್ ಇರುವ ಮನೆಗೆ ಇದು ಜಾಸ್ತಿಯೇ. ಎರಡು ಮೂರು ಮನೆಯವರು ಸೇರಿ ಕೊಂಡರೆ ಬೇರೆ ಮಾತು.

ಬೆಲೆ ಪಟ್ಟಿಯ ಪುಸ್ತಕ

ಇದನ್ನೇ ಎಲ್ಲರೂ ಮೊದಲು ಹುಡುಕುವುದು, ಇದೇ ನಮಗೆ ಅತಿ ಕಡಿಮೆ ಬೇಕಾದದ್ದು. ಅಮೆರಿಕದಲ್ಲಿ 'ಬ್ಲೂ ಬುಕ್ ಆಫ್ ಗನ್ ವ್ಯಾಲ್ಯೂಸ್' ಎಂಬುದು ಕಾಲಕಾಲಕ್ಕೆ ಹೊಸದಾಗಿ ಬರುತ್ತದೆ. ಸೇನಾ ಆಯುಧಗಳಿಗೇ ಮೀಸಲಾದ 'ಸ್ಟ್ಯಾಂಡರ್ಡ್ ಕ್ಯಾಟಲಾಗ್ ಆಫ್ ಮಿಲಿಟರಿ ಫೈರ್‌ಆರ್ಮ್ಸ್' ಇನ್ನೊಂದು. ಎರಡಕ್ಕೂ ಒಂದು ವ್ಯತ್ಯಾಸ ಇದೆ. ಬ್ಲೂ ಬುಕ್ ಮೂಲ ಬಣ್ಣ ಎಷ್ಟು ಉಳಿದಿದೆ ಎಂದು ಶೇಕಡಾವಾರು ಹೇಳುತ್ತದೆ, 98, 95, 90 ಹೀಗೆ. ಕ್ಯಾಟಲಾಗ್ ಅತ್ಯುತ್ತಮ, ತುಂಬಾ ಚೆನ್ನ, ಚೆನ್ನ, ಸುಮಾರು, ಕಳಪೆ ಎಂಬ ಐದು ಮೆಟ್ಟಿಲು ಇಡುತ್ತದೆ.

ಅಲ್ಲಿನ ಡಾಲರನ್ನು ರೂಪಾಯಿಗೆ ಗುಣಿಸಿ ಸಂತೋಷ ಪಡಬೇಡಿ. ಅಲ್ಲಿ ಕೊಳ್ಳುವವರ ಸಾಲೇ ಇದೆ, ಇಲ್ಲಿ ಲೈಸೆನ್ಸ್ ಇರುವ, ಎರಡರ ಮಿತಿಯಲ್ಲಿ ಜಾಗ ಖಾಲಿ ಇರುವ, ಆ ಬೋರಿಗೆ (ನಳಿಗೆಯ ಒಳಗಿನ ಅಳತೆಗೆ) ಅನುಮತಿ ಇರುವ ಮನುಷ್ಯ ಸಿಗಬೇಕು. ಅದು ಬೇರೆಯೇ ಸಂತೆ.

ಆದರೂ ಒಂದು ಉಪಯೋಗ ಇದೆ. ಸ್ಥಿತಿಯನ್ನು ಹೇಗೆ ನೋಡಬೇಕು ಎಂದು ಈ ಪುಸ್ತಕಗಳು ಕಣ್ಣಿಗೆ ತರಬೇತಿ ಕೊಡುತ್ತವೆ. ನಮ್ಮವರು ಹಳೇ ರಿವಾಲ್ವರನ್ನು ಬ್ರಾಸೋ ಹಚ್ಚಿ ತಳತಳ ಮಾಡಿಬಿಡುತ್ತಾರೆ, ಇಲ್ಲಾ ಹೊಸದಾಗಿ ಬಣ್ಣ ಹಾಕಿಸುತ್ತಾರೆ. ಸಂಗ್ರಾಹಕರ ಲೆಕ್ಕದಲ್ಲಿ ಅದು ಬೆಲೆಯನ್ನೂ ಮುದ್ರೆಯನ್ನೂ ಒಟ್ಟಿಗೆ ಅಳಿಸುವ ಕೆಲಸ. ವೆಬ್ಲಿಯಲ್ಲಿ ಇನ್ನೊಂದು ಸೂಕ್ಷ್ಮ: ಎರಡನೇ ಮಹಾಯುದ್ಧದ ನಂತರ ಅಮೆರಿಕಕ್ಕೆ ಹೋದ ಎಷ್ಟೋ ವೆಬ್ಲಿಗಳ ಸಿಲಿಂಡರಿನ ಹಿಂಭಾಗವನ್ನು ಅಲ್ಲಿನ .45 ತೋಟಾ ಕೂರಲೆಂದು ತೆಳುವಾಗಿ ಕತ್ತರಿಸಿದರು. ಹಾಗಾಗಿ ಕತ್ತರಿಸದ ಸಿಲಿಂಡರಿಗೆ ಅಲ್ಲಿ ಬೇರೆ ಬೆಲೆ. ಇಂಥದ್ದು ಕಲಿಯಲು ಐದಾರು ವರ್ಷ ಹಳೇ ಆವೃತ್ತಿ ಕಡಿಮೆ ದುಡ್ಡಿಗೆ ಸಿಕ್ಕರೆ ಸಾಕು. ಹೊಸದಕ್ಕೆ ದುಡ್ಡು ಹಾಕಬೇಡಿ.

ದುಡ್ಡಿಲ್ಲದೆ ಸಿಗುವುದು

ಸೇನೆಯೇ ಅಚ್ಚು ಹಾಕಿಸಿದ ಕೈಪಿಡಿಗಳು ಇಂಟರ್‌ನೆಟ್ ಸಂಗ್ರಹಾಲಯಗಳಲ್ಲಿ ಸ್ಕ್ಯಾನ್ ಆಗಿ ಸಿಗುತ್ತವೆ. ಬ್ರಿಟನ್ನಿನ ಯುದ್ಧ ಇಲಾಖೆಯ 1929ರ 'ಟೆಕ್ಸ್ಟ್ ಬುಕ್ ಆಫ್ ಸ್ಮಾಲ್ ಆರ್ಮ್ಸ್' ಇದರಲ್ಲಿ ಮುಖ್ಯವಾದದ್ದು. ಹುಡುಕುವಾಗ ನೆನಪಿಡಿ, ಬ್ರಿಟಿಷ್ ಸೇನೆ ತನ್ನ ರಿವಾಲ್ವರನ್ನೂ ಪಿಸ್ತೂಲು ಎಂದೇ ದಾಖಲಿಸುತ್ತಿತ್ತು, ಪಿಸ್ತೂಲು ಅಂತಲೇ ಹುಡುಕಿ. ಈ ಕೈಪಿಡಿಗಳಲ್ಲಿ ಬಿಡಿಭಾಗಗಳ ಸರಿಯಾದ ಹೆಸರು, ಕೆಲಸ ಮಾಡುವ ರೀತಿ ಚೆನ್ನಾಗಿರುತ್ತದೆ. ಸಂಗ್ರಾಹಕನ ಪ್ರಶ್ನೆಗೆ ಉತ್ತರ ಇರುವುದಿಲ್ಲ, ಯಾಕೆಂದರೆ ಅವತ್ತು ಅದು ಹೊಚ್ಚ ಹೊಸ ಸರಕು.

ಮ್ಯೂಸಿಯಂಗಳ ಆನ್‌ಲೈನ್ ಸಂಗ್ರಹ ಇನ್ನೂ ಒಳ್ಳೆಯದು. ಲೀಡ್ಸ್ ನಗರದ ರಾಯಲ್ ಆರ್ಮರೀಸ್, ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂ ಎರಡೂ ತಮ್ಮ ವಸ್ತುಗಳ ಫೋಟೋ, ವಿವರ ಹಾಕಿವೆ. ನಿಮ್ಮದರ ಪಕ್ಕ ಅದನ್ನು ಇಟ್ಟು ಹೋಲಿಸಬಹುದು. ಹಾಸನದಿಂದ ಹೆಚ್ಚು ದೂರ ಹೋಗದೆ ನಿಜವಾದ ಮಿಲಿಟರಿ ಸರಕು ನೋಡಬೇಕು ಎಂದರೆ ಮಡಿಕೇರಿಯಲ್ಲಿ ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ ಮನೆಯೇ 2021ರಿಂದ ಮ್ಯೂಸಿಯಂ ಆಗಿದೆ, ಅಲ್ಲಿ ಶಸ್ತ್ರಗಳ ಪ್ರದರ್ಶನವೂ ಇದೆ. ಮಕ್ಕಳನ್ನೂ ಕರೆದುಕೊಂಡು ಹೋಗಿ.

ಹಾಗಾದರೆ ಯಾರಿಗೆ ಯಾವುದು

ಕಾಲೇಜು ಓದುವ ಹುಡುಗರು, ಚರಿತ್ರೆಯ ಆಸಕ್ತರು, ಪತ್ತೇದಾರಿ ಕಾದಂಬರಿ ಬರೆಯುವವರು ಮೊದಲು ಮ್ಯೂಸಿಯಂ ಸಂಗ್ರಹ ಮತ್ತು ಹಳೇ ಕೈಪಿಡಿಗಳನ್ನು ಜಾಲಾಡಿ. ಆಸೆ ಇನ್ನೂ ತೀರದಿದ್ದರೆ ತೆಳು ಪುಸ್ತಕ ಒಂದು. ಎರಡು ಸಾವಿರದೊಳಗೆ ಮುಗಿಯುತ್ತದೆ. ಕಾದಂಬರಿಕಾರರಿಗೆ ಒಂದು ಮಾತು: 1942ರ ಕಥೆಯಲ್ಲಿ ನಮ್ಮ ಪೊಲೀಸ್ ಅಧಿಕಾರಿ ರಿವಾಲ್ವರಿನ "ಸೇಫ್ಟಿ ತೆಗೆದ" ಎಂದು ಬರೆಯುವ ಮುಂಚೆ ವೆಬ್ಲಿಯ ಚಿತ್ರ ಒಮ್ಮೆ ನೋಡಿ. ಸಾಮಾನ್ಯ ಸರ್ವೀಸ್ ವೆಬ್ಲಿಯಲ್ಲಿ ಅಂಥ ಗುಂಡಿ ಇಲ್ಲ.

ಮನೆಯಲ್ಲಿ ಲೈಸೆನ್ಸ್ ಇರುವ ಒಂದು ರಿವಾಲ್ವರ್ ಇದೆ, ಅದರ ಕಥೆ ಗೊತ್ತಾದರೆ ಸಾಕು ಎನ್ನುವವರಿಗೆ ನಾನು ಹೇಳುವುದು ಆ ಆಯುಧದ ತೆಳು ಪುಸ್ತಕ, ಜೊತೆಗೆ ಸೆಕೆಂಡ್ ಹ್ಯಾಂಡ್ ದಪ್ಪ ಪುಸ್ತಕ. ಈ ಜೋಡಿ ನಮ್ಮ ಕಡೆಯ ಹತ್ತರಲ್ಲಿ ಎಂಟು ಮನೆಗೆ ಸಾಕಾಗುತ್ತದೆ ಎಂದು ನನ್ನ ಅಂದಾಜು. ಮುದ್ರೆಯ ಗಂಟು ಬಿಡಿಸಲಾಗದೆ ಉಳಿದರೆ ಆಮೇಲೆ ಮೂರನೇ ಗುಂಪಿಗೆ ಹೋಗಿ.

ಇಂಥವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು, ಪುಸ್ತಕದಲ್ಲಿ ಇದು ಬರುವುದಿಲ್ಲ. ನಮ್ಮ ಶಸ್ತ್ರ ಕಾನೂನಿನಲ್ಲಿ .380 ಮತ್ತು .455 ರಿಮ್ ಇರುವ ತೋಟಾ, ಸೇನೆಯ 9 ಎಂಎಂ, .45 ತೋಟಾ ಹಾಕಬಹುದಾದ ಪಿಸ್ತೂಲು–ರಿವಾಲ್ವರ್‌ಗಳು ನಿಷೇಧಿತ ಬೋರಿನ ಪಟ್ಟಿಯವು. ಕಾನ್ಪುರದ ಸರ್ಕಾರಿ ಕಾರ್ಖಾನೆ ಜನರಿಗೆ ಮಾರುವ ರಿವಾಲ್ವರ್ ವೆಬ್ಲಿಯದೇ ಮಾದರಿಯಲ್ಲಿದ್ದರೂ .32 ಬೋರ್ ಆಗಿರುವುದು ಇದಕ್ಕೇ. ಹಳೇ ಲೈಸೆನ್ಸ್ ಪುಸ್ತಕದಲ್ಲಿ ಬರೀ ".38 ರಿವಾಲ್ವರ್" ಎಂದು ಬರೆದಿರುತ್ತಾರೆ. ನೀವು ಪುಸ್ತಕ ಓದಿ ನೋಡಿದರೆ ಅದು 1932ರಲ್ಲಿ ಸೇನೆಗೆ ಬಂದ ಎನ್‌ಫೀಲ್ಡ್ ನಂಬರ್ 2, ತೋಟಾ .380, ಅಂದರೆ ನಿಷೇಧಿತ ಪಟ್ಟಿಯದ್ದೇ! ಇನ್ನು ಹಳೇದಾದ್ದರಿಂದ ಲೈಸೆನ್ಸ್ ಬೇಡ ಎನ್ನುವ ಮಾತು ಊರಲ್ಲೆಲ್ಲ ಓಡಾಡುತ್ತದೆ. ಕಾನೂನು ಬಿಡುವುದು ಹಳೇ ಮಾದರಿಯದ್ದೋ ಪುರಾತನವೋ ಕೆಟ್ಟದ್ದೋ ಆಗಿ, ರಿಪೇರಿ ಮಾಡಿದರೂ ಹಾರದಂಥದ್ದನ್ನು ಮಾತ್ರ. ಎಣ್ಣೆ ಬಿಟ್ಟರೆ ಹಾರುವ 1915ರ ವೆಬ್ಲಿ ಅದರೊಳಗೆ ಬರುವುದಿಲ್ಲ. ಅನುಮಾನ ಬಂದರೆ ಮನೆಯಲ್ಲಿ ತೀರ್ಮಾನ ಮಾಡದೆ ಡಿ.ಸಿ. ಕಚೇರಿಯ ಶಸ್ತ್ರ ಲೈಸೆನ್ಸ್ ವಿಭಾಗದಲ್ಲೋ ತಿಳಿದ ವಕೀಲರಲ್ಲೋ ಕೇಳಿ. ಪರೀಕ್ಷೆ ಮಾಡುವಾಗಲೂ ಲೈಸೆನ್ಸ್ ಇರುವವರೇ ತೆರೆದು ಗುಂಡು ಖಾಲಿ ಇದೆ ಎಂದು ಕಣ್ಣಾರೆ ನೋಡಬೇಕು. ಹಳೇ ತೋಟಾ ಹಾಕಿ ಹಾರುತ್ತದಾ ಎಂದು ನೋಡುವ ಯೋಚನೆಯೇ ಬೇಡ.

ಇನ್ನು ನಿಜವಾಗಿ ಸಂಗ್ರಹದ ಹುಚ್ಚು ಹಿಡಿದವರು. ಎರಡರ ಮಿತಿ ಇರುವುದರಿಂದ ನಮ್ಮಲ್ಲಿ ಸಂಗ್ರಹ ಎಂದರೆ ಹೆಚ್ಚಾಗಿ ಚರ್ಮ ಮತ್ತು ಕಾಗದ: ಹಳೇ ಹೋಲ್‌ಸ್ಟರ್, ಬೆಲ್ಟು, ಪಿಸ್ತೂಲು ಕೈಜಾರದಂತೆ ಕಟ್ಟುವ ಲ್ಯಾನ್ಯಾರ್ಡ್ ಹಗ್ಗ, ಕೈಪಿಡಿ, ಫೋಟೋ, ಸೇವಾ ದಾಖಲೆ. ಇದಕ್ಕೆ ಮೂರನೇ ಗುಂಪಿನ ಗ್ರಂಥಗಳೇ ಬೇಕು, ಅದರಲ್ಲೂ ಹೋಲ್‌ಸ್ಟರಿನ ಒಳಮೈಯ ಮುದ್ರೆ, ತಯಾರಕರ ಹೆಸರು, ವರ್ಷ ತೋರಿಸುವ ಅಧ್ಯಾಯ ಇದೆಯಾ ಎಂದು ವಿಷಯಸೂಚಿ ನೋಡಿ ಕೊಳ್ಳಿ. ಬ್ರಿಟಿಷ್ ಸರಕಿಗೆ ಒಂದು, ಜರ್ಮನ್ ಸರಕಿಗೆ ಒಂದು ಎಂದು ಎರಡೂ ಕಡೆ ಹಾರಬೇಡಿ. ಒಂದು ಕಡೆ ಬೇರು ಬಿಡಿ. ಹಾಸನ–ಚಿಕ್ಕಮಗಳೂರಿನಲ್ಲಿ ಕೂತವರಿಗೆ ಬ್ರಿಟಿಷ್ ಸರಕೇ ಕೈಗೆ ಸಿಗುವುದು.

ಮಾಜಿ ಸೈನಿಕರು ಕೆಲವರು ಕೇಳುವುದು ತಾವು ಸೊಂಟಕ್ಕೆ ಕಟ್ಟಿಕೊಂಡಿದ್ದ ಪಿಸ್ತೂಲಿನ ಮೂಲದ ಬಗ್ಗೆ. ಅವರಿಗೆ ಬ್ರೌನಿಂಗ್ ಹೈ-ಪವರ್ ಪುಸ್ತಕ ಕೊಡಿ. ಬೆಲ್ಜಿಯಂನಲ್ಲಿ 1935ರಲ್ಲಿ ಶುರುವಾಗಿ, ಯುದ್ಧಕಾಲದಲ್ಲಿ ಕೆನಡಾದ ಇಂಗ್ಲಿಸ್ ಕಾರ್ಖಾನೆಗೆ ಹೋಗಿ, ಅಲ್ಲಿಂದ ನಮ್ಮ ಇಶಾಪುರದ ರೈಫಲ್ ಫ್ಯಾಕ್ಟರಿಗೆ ಬಂದ ವಂಶ ಅದು. ಉಡುಗೊರೆಗೂ ಚೆನ್ನ.

ಕೊಳ್ಳುವ ಮುಂಚೆ, ಕೊಂಡ ಮೇಲೆ

ಯಾವ ಪುಸ್ತಕವೇ ಆಗಲಿ, ಮಾದರಿ ಪುಟಗಳು ಆನ್‌ಲೈನಿನಲ್ಲಿ ಸಿಕ್ಕರೆ ನಿಮ್ಮ ಚೀಟಿಯ ಪ್ರಶ್ನೆಗೆ ಉತ್ತರ ಇದೆಯಾ ಎಂದು ನೋಡಿ. ಹೊದಿಕೆಯ ಮೇಲೆ ಲ್ಯೂಗರ್ ಚಿತ್ರ ಇರುವ ಪುಸ್ತಕದ ಒಳಗೆಲ್ಲ ರೈಫಲ್ ಇರುವುದೂ ಉಂಟು. ಒಂದೇ ಪುಸ್ತಕವನ್ನು ಬೇರೆ ಹೆಸರಲ್ಲಿ ಮತ್ತೆ ಅಚ್ಚು ಹಾಕುವುದೂ ಉಂಟು, ಲೇಖಕರ ಹೆಸರು, ಪುಟ ಸಂಖ್ಯೆ ಹೋಲಿಸಿ.

ಮಳೆಗಾಲಕ್ಕೆ ಉಪಾಯ ಸರಳ. ಪುಸ್ತಕವನ್ನು ಗೋಡೆಗೆ ತಾಗಿದ ಶೆಲ್ಫಿನಲ್ಲಿ ಇಡಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಆ ಪೊಟ್ಟಣವನ್ನು ಆಗಾಗ ಒಣಗಿಸಬೇಕು, ಇಲ್ಲದಿದ್ದರೆ ಅದೂ ಒದ್ದೆ ಉಪ್ಪಿನಂತೆ ಸುಮ್ಮನೆ ಕೂತಿರುತ್ತದೆ. ಬಿಸಿಲು ಬಿದ್ದ ದಿನ ಹಾಳೆಗಳನ್ನು ಒಮ್ಮೆ ಸರಸರ ತಿರುವಿ ಗಾಳಿ ಆಡಿಸಿ. ಚರ್ಮದ ಹೋಲ್‌ಸ್ಟರನ್ನು ಮಾತ್ರ ಆ ಡಬ್ಬಿಯಲ್ಲಿ ಪುಸ್ತಕದ ಜೊತೆ ಇಡಬೇಡಿ, ಬೂಷ್ಟು ಚರ್ಮದಿಂದ ಕಾಗದಕ್ಕೆ ದಾಟುತ್ತದೆ. ಪಿಸ್ತೂಲನ್ನೂ ಅಷ್ಟೇ, ಹೋಲ್‌ಸ್ಟರಿನ ಒಳಗಿಟ್ಟು ಮಳೆಗಾಲ ಕಳೆದರೆ ತುಕ್ಕು ಗ್ಯಾರಂಟಿ.

ಚುನಾವಣೆ ಬಂದಾಗ ಲೈಸೆನ್ಸ್ ಇರುವ ಆಯುಧವನ್ನು ಠಾಣೆಯಲ್ಲೋ ಅಧಿಕೃತ ಅಂಗಡಿಯಲ್ಲೋ ಇಟ್ಟು ಬರಲು ಹೇಳುತ್ತಾರಲ್ಲ, ಅದಕ್ಕೆ ಮುಂಚೆಯೇ ಎಲ್ಲ ಮುದ್ರೆಗಳ ಫೋಟೋ ತೆಗೆದಿಡಿ. ಎಡಗಡೆ, ಬಲಗಡೆ, ನಳಿಗೆಯ ಮೇಲ್ಭಾಗ, ಸಿಲಿಂಡರಿನ ಹಿಂಭಾಗ, ಹಿಡಿಯ ಪಟ್ಟಿ. ಪುಸ್ತಕ ಅಂಚೆಯಲ್ಲಿ ಬರುವ ಹೊತ್ತಿಗೆ ಪಿಸ್ತೂಲು ಠಾಣೆಯಲ್ಲಿದ್ದರೂ ಫೋಟೋ ಇಟ್ಟುಕೊಂಡು ಕೆಲಸ ಶುರು ಮಾಡಬಹುದು. ಸೀರಿಯಲ್ ನಂಬರ್ ಇರುವ ಫೋಟೋವನ್ನು ಮಾತ್ರ ಎಲ್ಲರಿಗೂ ಕಳಿಸಬೇಡಿ.